ಮನೆಯೊಳಗೆ ಅಪರೂಪದ ಬೆಗೋನಿಯಾ ಗಿಡಗಳ ಬೇಸಾಯ

ಅಂದಕ್ಕಾಗಿ ಬೆಳೆಸುವ ಗಿಡಗಳಲ್ಲಿ ಹೂವಿನಿಂದ ಹೆಸರಾದವು ಕೆಲವು, ಎಲೆಯಿಂದ ಹೆಸರಾದವು ಕೆಲವು. ಬೆಗೋನಿಯಾ ಎಂಬ ಕುಲದಲ್ಲಿ ಈ ಎರಡು ಬಗೆಯವೂ ಉಂಟು. ಹೂವಿನ ಬೆಗೋನಿಯಾಗಳು ಪಟ್ಟಣಗಳ ಉದ್ಯಾನಗಳಲ್ಲಿಯೂ ಅನೇಕ ಮನೆಗಳ ಅಂಗಳಗಳಲ್ಲಿಯೂ ಸಾಮಾನ್ಯವಾಗಿವೆ. ಅವುಗಳ ಆರೈಕೆ ಕಷ್ಟವಾದುದಲ್ಲ. ಎಲೆಯ ಬಣ್ಣ, ಹೊಳಪು, ಚುಕ್ಕೆ ಮತ್ತು ಉಬ್ಬುತಗ್ಗುಗಳ ಚೆಲುವಿಗಾಗಿ ಬೆಳೆಸತಕ್ಕ ಕಾಡುಜಾತಿಗಳ ವಿಷಯವು ಹಾಗಲ್ಲ. ಇವು ಮಲಯ, ಬೋರ್ನಿಯೋ, ನ್ಯೂಗಿನಿ, ವಿಯೆಟ್ನಾಂ, ದಕ್ಷಿಣ ಚೀನ ಮೊದಲಾದ ಪ್ರದೇಶಗಳ ಕಾಡುಗಳಿಗೆ ಸೇರಿದವು. ಇವುಗಳ ಸಸಿಗಳನ್ನು ಹೆಚ್ಚು ಬೆಲೆ ಕೊಟ್ಟು ತರಿಸುವವರು ಈಚೆಗೆ ಈ ನಾಡಿನಲ್ಲಿಯೂ ಹೆಚ್ಚುತ್ತಿದ್ದಾರೆ. ಆದರೆ ಹೀಗೆ ತಂದ ಗಿಡಗಳಲ್ಲಿ ಬಹಳ ಭಾಗವು ಎರಡು ಮೂರು ತಿಂಗಳೊಳಗಾಗಿ ಕೊಳೆತೋ ಒಣಗಿಯೋ ನಾಶವಾಗುತ್ತದೆ.

ಇದಕ್ಕೆ ಕಾರಣವು ಸಾಧಾರಣವಾಗಿ ಒಂದೇ ಆಗಿರುತ್ತದೆ. ಗಿಡವು ಬಾಡಿದಂತೆ ಕಂಡ ಕೂಡಲೆ ಕುಂಡಕ್ಕೆ ನೀರು ಹೊಯ್ಯುತ್ತಾರೆ. ಗಿಡವು ಬೇಡುವುದು ಕುಂಡದ ನೀರನ್ನಲ್ಲ, ಗಾಳಿಯ ತೇವವನ್ನು. ಬೇರಿಗೆ ಗಾಳಿ ಬೇಕು, ಎಲೆಗೆ ತೇವ ಬೇಕು: ಈ ಗಿಡಗಳ ಆರೈಕೆಯೆಲ್ಲವೂ ಈ ಒಂದು ಮಾತಿನಲ್ಲಿ ಅಡಗಿದೆ. ಇದನ್ನು ಅರಿತವರ ಮನೆಯಲ್ಲಿ ಒಂದು ಗಿಡವು ಹತ್ತಾಗುತ್ತದೆ. ಅರಿಯದವರು ಸತ್ತ ಗಿಡದ ಬದಲಿಗೆ ಮತ್ತೊಂದನ್ನು ಕೊಳ್ಳುತ್ತಾರೆ, ಆ ಮತ್ತೊಂದು ಎಷ್ಟೋ ವೇಳೆ ಕಾಡಿನಿಂದ ಕಿತ್ತು ತಂದುದಾಗಿರುತ್ತದೆ. ಆದುದರಿಂದ ಇದು ಕೇವಲ ಅಲಂಕಾರದ ವಿಷಯವಲ್ಲ.

ಕುಲದ ಪರಿಚಯ

ಫ್ರಾನ್ಸ್ ದೇಶದ ಪಾದ್ರಿಯೂ ಸಸ್ಯಶಾಸ್ತ್ರಜ್ಞನೂ ಆಗಿದ್ದ ಷಾರ್ಲ್ ಪ್ಲೂಮಿಯೆ ಎಂಬಾತನು 17ನೆಯ ಶತಮಾನದ ಕೊನೆಯಲ್ಲಿ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಈ ಗಿಡಗಳನ್ನು ಕಂಡು, ಮಿಷೆಲ್ ಬೆಗೋನ್ ಎಂಬ ಫ್ರೆಂಚ್ ಅಧಿಕಾರಿಯ ಗೌರವಾರ್ಥವಾಗಿ ಇವಕ್ಕೆ ಈ ಹೆಸರನ್ನಿಟ್ಟನು. 1753ರಲ್ಲಿ ಲಿನೇಯಸನು ಅದನ್ನೇ ಅಂಗೀಕರಿಸಿದನು. ಅಷ್ಟರೊಳಗೆ ಭಾರತದ ಒಂದು ಬೆಗೋನಿಯಾ ಗ್ರಂಥಸ್ಥವಾಗಿತ್ತು. ಡಚ್ಚರ ಅಧಿಕಾರಿಯಾದ ವಾನ್ ರೀಡನು 1678ರಿಂದ 1693ರ ವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟವಾದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದಲ್ಲಿ ಪಶ್ಚಿಮ ಘಟ್ಟದ ಜಾತಿಯೊಂದನ್ನು ಅದರ ಮಲಯಾಳ ಹೆಸರಿನೊಡನೆ ಚಿತ್ರಿಸಿದ್ದನು. ಆ ಹೆಸರಿನ ಕೊನೆಯಲ್ಲಿರುವ ‘ಪುಳಿ’ ಎಂಬುದು ಕನ್ನಡದ ‘ಹುಳಿ’ಯೇ. ಬೆಗೋನಿಯಾದ ರಸದಲ್ಲಿ ಆಕ್ಸಾಲಿಕ್ ಆಮ್ಲವಿರುವುದರಿಂದ ಅದು ಹುಳಿಯಾಗಿರುತ್ತದೆ. ಮಕ್ಕಳೂ ಸಾಕುಪ್ರಾಣಿಗಳೂ ಈ ಗಿಡವನ್ನು, ಮುಖ್ಯವಾಗಿ ಅದರ ಗೆಡ್ಡೆಯನ್ನು, ಕಡಿಯದಂತೆ ಎಚ್ಚರವಹಿಸಬೇಕು.

ಈಗ ಈ ಕುಲದಲ್ಲಿ 2,000ಕ್ಕೂ ಹೆಚ್ಚು ಜಾತಿಗಳು ಗುರುತಿಸಲ್ಪಟ್ಟಿವೆ. ಅಮೆರಿಕ, ಆಫ್ರಿಕ ಮತ್ತು ಏಷ್ಯ ಖಂಡಗಳ ಬೆಚ್ಚಗಿನ ಪ್ರದೇಶಗಳೇ ಇವುಗಳ ತವರು. ಇವನ್ನು ಗುರುತಿಸುವುದು ಸುಲಭ. ಎಲೆಯ ನಡುನರದ ಒಂದು ಮಗ್ಗುಲು ದೊಡ್ಡದಾಗಿಯೂ ಇನ್ನೊಂದು ಚಿಕ್ಕದಾಗಿಯೂ ಇರುತ್ತದೆ. ಗಂಡು ಹೂವೂ ಹೆಣ್ಣು ಹೂವೂ ಸಾಮಾನ್ಯವಾಗಿ ಒಂದೇ ಗಿಡದಲ್ಲಿ ಬೇರೆ ಬೇರೆಯಾಗಿ ಬಿಡುತ್ತವೆ. ಹೆಣ್ಣು ಹೂವಿನ ಹಿಂದೆ ಸಾಮಾನ್ಯವಾಗಿ ಮೂರು ರೆಕ್ಕೆಗಳುಳ್ಳ ಕಾಯಿಯಿರುತ್ತದೆ.

ಬೆಳವಣಿಗೆಯ ರೀತಿಯನ್ನನುಸರಿಸಿ ಇವನ್ನು ಮೂರು ಬಗೆಯಾಗಿ ತಿಳಿಯಬಹುದು. ಬಿದಿರಿನಂತೆ ಗಿಣ್ಣುಗಳುಳ್ಳ ನೆಟ್ಟನೆಯ ಕಾಂಡದವು ಮೊದಲನೆಯವು. ಶುಂಠಿಯಂತೆ ದಪ್ಪನಾದ ಕಾಂಡವು ಮಣ್ಣಿನ ಮೇಲೆ ಅಡ್ಡಲಾಗಿ ಹರಿಯುವವು ಎರಡನೆಯವು. ಮನೆಯೊಳಗೆ ಬೆಳೆಸುವ ಅಪರೂಪದ ಜಾತಿಗಳಲ್ಲಿ ಬಹಳಷ್ಟು ಇವೇ. ಮಣ್ಣಿನೊಳಗೆ ಗೆಡ್ಡೆಯಿದ್ದು ವರ್ಷಕ್ಕೊಮ್ಮೆ ಎಲೆಯುದುರಿಸಿ ಮಲಗುವವು ಮೂರನೆಯವು. ನೀರು ಕೊಡುವ ಕ್ರಮವೂ ವೃದ್ಧಿಯ ಕ್ರಮವೂ ಈ ಮೂರರಲ್ಲಿ ಬೇರೆ ಬೇರೆಯಾದುದರಿಂದ, ಗಿಡವನ್ನು ಕೊಳ್ಳುವಾಗಲೇ ಅದು ಯಾವ ಬಗೆಯದೆಂದು ಕೇಳಿ ತಿಳಿಯತಕ್ಕದ್ದು.

ಹೆಸರಾಂತ ಕೆಲವು ಜಾತಿಗಳು

ಅಸ್ಸಾಮಿನ ಕಡೆಯ ಬೆಗೋನಿಯಾ ರೆಕ್ಸ್ ಎಂಬುದು 1857ರಲ್ಲಿ ಯೂರೋಪಿನಲ್ಲಿ ವರ್ಣಿಸಲ್ಪಟ್ಟಿತು. ಬೆಳ್ಳಿಯ ಪಟ್ಟೆಯಿರುವ ಎಲೆಗಳ ನೂರಾರು ಮಿಶ್ರತಳಿಗಳು ಇದರ ಸಂತತಿಯೇ ಆಗಿವೆ. ಹೊಸಬರು ಇಂತಹ ಮಿಶ್ರತಳಿಗಳಿಂದ ಆರಂಭಿಸುವುದು ಲೇಸು. ಇವು ಸಣ್ಣ ತಪ್ಪುಗಳನ್ನು ತಾಳಿಕೊಳ್ಳುತ್ತವೆ. ಬೆಗೋನಿಯಾ ಮಸೋನಿಯಾನ ಎಂಬುದರ ಉಬ್ಬು ಉಬ್ಬಾದ ಹಸುರು ಎಲೆಯ ನಡುವೆ ಕಂದು ಬಣ್ಣದ ಶಿಲುಬೆಯಂತಹ ಗುರುತಿದೆ. ಇದನ್ನು 1952ರಲ್ಲಿ ಮಾರಿಸ್ ಮೇಸನ್ ಎಂಬ ಇಂಗ್ಲಿಷ್ ತೋಟಗಾರನು ಸಿಂಗಪುರದಿಂದ ತನ್ನ ದೇಶಕ್ಕೆ ಒಯ್ದನು. ಇದರ ನಿಜವಾದ ತವರು ದಕ್ಷಿಣ ಚೀನ ಮತ್ತು ಅದಕ್ಕೆ ಹೊಂದಿದ ವಿಯೆಟ್ನಾಂ.

ಇವುಗಳಿಗಿಂತ ಸೂಕ್ಷ್ಮವಾದವು ಬೋರ್ನಿಯೋ ಮತ್ತು ಮಲಯದ ಜಾತಿಗಳು. ಬೋರ್ನಿಯೋ ದ್ವೀಪದ ಸಾಬಾ ಪ್ರಾಂತ್ಯದ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಬೆಳೆಯುವ ಬೆಗೋನಿಯಾ ಆಂಫಿಯಾಕ್ಸಸ್‌ನ ಎಲೆಯು ಎರಡು ಕಡೆಯೂ ಚೂಪಾಗಿ, ಕೆಂಪು ಚುಕ್ಕೆಗಳಿಂದ ಕೂಡಿರುತ್ತದೆ. ಅದೇ ದ್ವೀಪದ ಸಾರವಾಕಿನಿಂದ 2014ರಲ್ಲಿ ವರ್ಣಿಸಲ್ಪಟ್ಟ ಬೆಗೋನಿಯಾ ಡಾರ್ತ್‌ವೇಡರಿಯಾನದ ಎಲೆಯು ಹೆಚ್ಚುಕಡಿಮೆ ಕಪ್ಪಾಗಿದ್ದು, ಅಂಚಿನಲ್ಲಿ ಮಾತ್ರ ತಿಳಿಬಣ್ಣದ ಗೆರೆಯಿರುತ್ತದೆ. ಒಂದು ಚಲನಚಿತ್ರದ ಕಪ್ಪು ಉಡುಪಿನ ಖಳನ ಹೆಸರನ್ನೇ ಅದಕ್ಕೆ ಇಡಲಾಗಿದೆ. ಮಲಯದ ಬೆಗೋನಿಯಾ ಪವೋನಿನದ ಎಲೆಯು ನೆರಳಿನಲ್ಲಿ ನವಿಲಿನ ಕೊರಳಿನಂತೆ ನೀಲಿಯಾಗಿ ಹೊಳೆಯುತ್ತದೆ.

ಈ ನೀಲಿ ಹೊಳಪಿನ ಕಾರಣವನ್ನು ಬ್ರಿಸ್ಟಲ್ ವಿಶ್ವವಿದ್ಯಾನಿಲಯದ ವಿದ್ವಾಂಸರು ತಮ್ಮ ಸಂಗಡಿಗರೊಡನೆ 2016ರಲ್ಲಿ ಪ್ರಕಟಿಸಿದರು. ಎಲೆಯ ಮೇಲ್ಪದರದ ಹರಿತ್ಕಣಗಳೊಳಗೆ ಪೊರೆಗಳು ಸಮಾನ ಅಂತರದಲ್ಲಿ ಒಂದರ ಮೇಲೊಂದು ಜೋಡಿಸಲ್ಪಟ್ಟಿವೆ. ಇವು ನೀಲಿ ಬೆಳಕನ್ನು ಹಿಂದಿರುಗಿಸಿ, ಕಾಡಿನ ಅಡಿಗೆ ತಲಪುವ ಹಸುರು ಮತ್ತು ಕೆಂಪು ಬೆಳಕನ್ನು ಹೆಚ್ಚಾಗಿ ಹೀರಿಕೊಳ್ಳುತ್ತವೆ. ಮಂದ ಬೆಳಕಿನಲ್ಲಿ ಇದರಿಂದ ಆಹಾರ ತಯಾರಿಕೆಯ ಸಾಮರ್ಥ್ಯವು ನೂರಕ್ಕೆ 5ರಿಂದ 10ರಷ್ಟು ಹೆಚ್ಚುವುದೆಂದು ಅವರು ಕಂಡುಕೊಂಡರು. ಇದರಿಂದ ಬೆಳೆಸುವವರು ತಿಳಿಯತಕ್ಕದ್ದೇನೆಂದರೆ: ಈ ಹೊಳಪು ಕತ್ತಲಲ್ಲಿ ಬದುಕುವ ಉಪಾಯ, ಗಿಡವನ್ನು ಹೆಚ್ಚು ಬೆಳಕಿಗೆ ತಂದರೆ ಹೊಳಪು ಮಾಸುವುದು, ಎಲೆಯೂ ಸುಡುವುದು.

ಕಾಡಿನಲ್ಲಿ ಇವು ಇರುವ ಬಗೆ

ಯಾವ ಬೆಳೆಯನ್ನಾಗಲಿ ಹೊಸ ಸ್ಥಳಕ್ಕೆ ತರುವಾಗ ಅದರ ಮೊದಲ ನೆಲೆಯನ್ನು ವಿಚಾರಿಸುವುದು ವ್ಯವಸಾಯದ ಮೊದಲ ನಿಯಮ. ಈ ಬೆಗೋನಿಯಾಗಳು ದಟ್ಟವಾದ ಕಾಡಿನ ಅಡಿಯಲ್ಲಿ, ಬಯಲಿನ ಬೆಳಕಿನ ನೂರರಲ್ಲಿ ಕೆಲವೇ ಭಾಗ ಮಾತ್ರ ಬೀಳುವೆಡೆಯಲ್ಲಿ ಬೆಳೆಯುತ್ತವೆ. ಹಳ್ಳಗಳ ದಡ, ಜಲಪಾತಗಳ ಮಗ್ಗುಲು, ಸುಣ್ಣಕಲ್ಲಿನ ಗವಿಗಳ ಬಾಯಿ ಇವುಗಳ ಮೆಚ್ಚಿನ ಸ್ಥಳಗಳು. ಅಲ್ಲಿ ಗಾಳಿಯು ಹಗಲೂ ಇರುಳೂ ತೇವದಿಂದ ತುಂಬಿರುತ್ತದೆ. ಆದರೆ ಬೇರುಗಳು ಇರುವುದು ಕಡಿದಾದ ಇಳಿಜಾರಿನಲ್ಲಿ, ಬಂಡೆಯ ಬಿರುಕಿನಲ್ಲಿ ಒಂದೆರಡು ಅಂಗುಲ ದಪ್ಪದ ಎಲೆಗೊಬ್ಬರದಲ್ಲಿ. ಮಳೆಯ ನೀರು ಅಲ್ಲಿ ನಿಲ್ಲುವುದಿಲ್ಲ. ಬಿದ್ದಂತೆಯೇ ಇಳಿದು ಹೋಗುತ್ತದೆ.

ಅಡಿಕೆ ತೋಟವುಳ್ಳವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ. ನೆರಳೂ ತಂಪೂ ಇದ್ದರೂ ಬಸಿಗಾಲುವೆ ಹೂತುಹೋದ ತೋಟವು ಏನಾಗುವುದೆಂಬುದನ್ನು ಅವರು ಬಲ್ಲರು. ಬೆಗೋನಿಯಾದ ಕುಂಡವು ಒಂದು ಸಣ್ಣ ತೋಟವೇ. ಅದರ ಬಸಿಗಾಲುವೆ ಮುಚ್ಚಿತೆಂದರೆ ಬೇರು ಉಸಿರು ಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದುದರಿಂದ ಎಲೆ ಬಾಡುತ್ತದೆ. ಬಾಡಿದ ಎಲೆಯನ್ನು ಕಂಡು ಮತ್ತೆ ನೀರು ಹಾಕಿದರೆ ಗಿಡದ ಕಥೆ ಮುಗಿಯಿತು.

ಗಾಜಿನ ಪೆಟ್ಟಿಗೆ

ಮಲೆನಾಡಿನಲ್ಲಿ ಮಳೆಗಾಲದ ಗಾಳಿಯು ಈ ಗಿಡಗಳಿಗೆ ತಕ್ಕುದಾಗಿದೆ. ಮೈದಾನಸೀಮೆಯಲ್ಲಿ ಮಾರ್ಚಿ, ಏಪ್ರಿಲ್ ತಿಂಗಳುಗಳ ಮಧ್ಯಾಹ್ನದ ಒಣಗಾಳಿಯಲ್ಲಿ ಇವು ಒಂದೇ ದಿನದಲ್ಲಿ ಅಂಚು ಸುಟ್ಟುಕೊಳ್ಳುತ್ತವೆ. ಕೋಣೆಯ ಗಾಳಿಯನ್ನೆಲ್ಲ ತೇವಗೊಳಿಸುವುದು ಸಾಧ್ಯವೂ ಅಲ್ಲ, ಮನೆಯ ಗೋಡೆಗಳಿಗೆ ಹಿತವೂ ಅಲ್ಲ. ಆದುದರಿಂದ ಗಿಡವನ್ನು ಗಾಜಿನ ಪೆಟ್ಟಿಗೆಯೊಳಗೆ ಇಡುವುದೇ ಉತ್ತಮ ಮಾರ್ಗ.

ಈ ಉಪಾಯವು ಹೊಸತಲ್ಲ. ಲಂಡನ್ನಿನ ವೈದ್ಯನಾದ ನಥಾನಿಯೆಲ್ ವಾರ್ಡನು 1829ರಲ್ಲಿ ಪತಂಗದ ಕೋಶವೊಂದನ್ನು ಮುಚ್ಚಿದ ಸೀಸೆಯ ತೇವದ ಮಣ್ಣಿನಲ್ಲಿಟ್ಟಿದ್ದಾಗ, ಅದರಲ್ಲಿ ತಾನಾಗಿಯೇ ಒಂದು ಜರಿಗಿಡವು ಮೊಳೆತುದನ್ನು ಕಂಡನು. ಹಗಲು ಮಣ್ಣಿನಿಂದೆದ್ದ ತೇವವು ಗಾಜಿಗೆ ಹನಿಗಟ್ಟಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. 1833ರಲ್ಲಿ ಅವನು ಇಂತಹ ಪೆಟ್ಟಿಗೆಗಳಲ್ಲಿ ಗಿಡಗಳನ್ನು ಹಡಗಿನ ಮೂಲಕ ಆಸ್ಟ್ರೇಲಿಯಕ್ಕೆ ಕಳುಹಿಸಿದನು. ತಿಂಗಳುಗಟ್ಟಲೆ ಪ್ರಯಾಣದಲ್ಲಿ ಅವು ಉಳಿದವು. ಆ ಮೇಲೆ ರಾಬರ್ಟ್ ಫಾರ್ಚೂನನು ಚೀನದಿಂದ ಹಿಮಾಲಯದ ತಪ್ಪಲಿಗೆ ಚಹದ ಸಸಿಗಳನ್ನು ತಂದುದೂ, 1860ರ ಸುಮಾರಿನಲ್ಲಿ ದಕ್ಷಿಣ ಅಮೆರಿಕದಿಂದ ನೀಲಗಿರಿಗಾಗಿ ಸಿಂಕೋನ ಸಸಿಗಳನ್ನು ಸಾಗಿಸಿದುದೂ ಇಂತಹ ಪೆಟ್ಟಿಗೆಗಳಲ್ಲಿಯೇ.

ಮೀನು ಸಾಕುವ ಹಳೆಯ ಗಾಜಿನ ತೊಟ್ಟಿಯೊಂದಿದ್ದರೆ ಸಾಕು. ಅದರ ತಳದಲ್ಲಿ ಒಂದು ಅಂಗುಲದಷ್ಟು ಸಣ್ಣ ಕಲ್ಲುಗಳನ್ನು ಹರಡಿ, ಕಲ್ಲುಗಳು ಮುಳುಗದಷ್ಟು ನೀರು ಹಾಕಿ, ಕುಂಡಗಳನ್ನು ಕಲ್ಲುಗಳ ಮೇಲೆ ಇಡಬೇಕು. ಕುಂಡದ ತಳವು ನೀರನ್ನು ಮುಟ್ಟಕೂಡದು. ಮೇಲೆ ಗಾಜಿನ ಹಲಗೆಯನ್ನು ಮುಚ್ಚಿ, ಒಂದು ಮೂಲೆಯಲ್ಲಿ ಬೆರಳಗಲ ಸಂದು ಬಿಡಬೇಕು. ದಿನಕ್ಕೊಮ್ಮೆ ಕೆಲವು ನಿಮಿಷ ಮುಚ್ಚಳ ತೆಗೆದು ಗಾಳಿಯಾಡಿಸಬೇಕು. ಒಳಗಿನ ತೇವಾಂಶವು ನೂರಕ್ಕೆ 70ರಿಂದ 85ರ ವರೆಗೆ ಇರುವುದು ಉತ್ತಮ. ಇದನ್ನು ತೋರಿಸುವ ಸಣ್ಣ ಮಾಪಕಗಳು ಅಲ್ಪ ಬೆಲೆಗೆ ದೊರೆಯುತ್ತವೆ. ಮಾಪಕವಿಲ್ಲದವರು ಗಾಜನ್ನೇ ನೋಡಿ ತಿಳಿಯಬಹುದು. ಬೆಳಗ್ಗೆ ಕಟ್ಟಿದ ಹನಿಯು ಮಧ್ಯಾಹ್ನಕ್ಕೆ ಆರಿದರೆ ತೇವವು ಸರಿಯಾಗಿದೆ. ದಿನವೆಲ್ಲ ಹನಿ ಇಳಿಯುತ್ತಿದ್ದರೆ ಸಂದನ್ನು ಹೆಚ್ಚಿಸಬೇಕು; ಹನಿಯೇ ಕಟ್ಟದಿದ್ದರೆ ಕಡಮೆ ಮಾಡಬೇಕು.

ಬೆಳಕು ಮತ್ತು ಶಾಖ

ಮೂಡಣ ಅಥವಾ ಬಡಗಣ ಕಿಟಕಿಯಿಂದ ಎರಡು ಮೂರು ಅಡಿ ದೂರದ ಸ್ಥಳವು ಯೋಗ್ಯವಾದುದು. ಬಿಸಿಲು ನೇರವಾಗಿ ಬೀಳಲೇಕೂಡದು. ಮುಖ್ಯವಾಗಿ ಗಾಜಿನ ಪೆಟ್ಟಿಗೆಯ ಮೇಲೆ ಬಿಸಿಲು ಅರ್ಧ ಗಂಟೆ ಬಿದ್ದರೂ ಒಳಗಿನ ಗಿಡಗಳು ಬೆಂದುಹೋಗುವ ಸಂಭವವುಂಟು. ಕಿಟಕಿಯ ಬೆಳಕು ಸಾಲದ ಕೋಣೆಗಳಲ್ಲಿ ಬಿಳಿಯ ಎಲ್.ಇ.ಡಿ. ದೀಪವನ್ನು ಪೆಟ್ಟಿಗೆಯಿಂದ ಸುಮಾರು ಒಂದು ಅಡಿ ಮೇಲೆ ಕಟ್ಟಿ, ದಿನಕ್ಕೆ 10ರಿಂದ 12 ಗಂಟೆಯ ಕಾಲ ಉರಿಸಬಹುದು. ತೊಟ್ಟುಗಳು ಉದ್ದವಾಗಿ ಬೆಳೆದು ಗಿಡವು ಒಂದು ಕಡೆಗೆ ವಾಲಿದರೆ ಬೆಳಕು ಕಡಮೆಯೆಂದೂ, ಎಲೆಯ ಬಣ್ಣ ಮಾಸಿ ಅಂಚು ಕಂದಾದರೆ ಹೆಚ್ಚೆಂದೂ ತಿಳಿಯಬೇಕು.

ಶಾಖವು 18ರಿಂದ 28 ಡಿಗ್ರಿ ಸೆಂಟಿಗ್ರೇಡಿನ ವರೆಗೆ ಇದ್ದರೆ ಇವು ಸುಖವಾಗಿ ಬೆಳೆಯುತ್ತವೆ. 15 ಡಿಗ್ರಿಗಿಂತ ಕಡಮೆಯಾದರೆ ಬೆಳವಣಿಗೆ ನಿಲ್ಲುತ್ತದೆ. 32 ಡಿಗ್ರಿಯನ್ನು ಮೀರಿದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಕೊಳೆಯುವಿಕೆ ಆರಂಭವಾಗುತ್ತದೆ. ಬೆಂಗಳೂರು, ಹಾಸನ, ಚಿಕ್ಕಮಗಳೂರು, ಕೊಡಗು ಮೊದಲಾದ ಎತ್ತರದ ಪ್ರದೇಶಗಳಲ್ಲಿ ಇವನ್ನು ವರ್ಷವೆಲ್ಲ ಕಾಪಾಡುವುದು ಸುಲಭ. ರಾಯಚೂರು, ಕಲಬುರಗಿ ಮುಂತಾದ ಕಡೆಗಳಲ್ಲಿ ಬೇಸಗೆಯ ಶಾಖವು 40 ಡಿಗ್ರಿಯನ್ನು ದಾಟುವುದರಿಂದ, ದಪ್ಪ ಗೋಡೆಯ ತಂಪು ಕೋಣೆಯಿಲ್ಲದವರು ಅಪರೂಪದ ಜಾತಿಗಳಿಗೆ ಹಣ ಹಾಕದಿರುವುದೇ ವಿವೇಕ.

ಕುಂಡ ಮತ್ತು ಮಣ್ಣು

ಬೇರುಗಳು ಆಳಕ್ಕೆ ಹೋಗದುದರಿಂದ ಕುಂಡವು ಆಳವಾಗಿರದೆ ಅಗಲವಾಗಿರಬೇಕು. ಸಣ್ಣ ಗಿಡವನ್ನು ದೊಡ್ಡ ಕುಂಡದಲ್ಲಿ ನೆಡುವುದು ಸಾಮಾನ್ಯವಾದ ತಪ್ಪು. ಬೇರು ತುಂಬದ ಮಣ್ಣಿನಲ್ಲಿ ನೀರು ನಿಂತು ಹುಳಿಯುತ್ತದೆ. ಹೊಸ ಕುಂಡವು ಹಳೆಯದಕ್ಕಿಂತ ಒಂದು ಅಂಗುಲದಷ್ಟು ಮಾತ್ರ ಅಗಲವಾಗಿರಲಿ.

ಹೊಲದ ಮಣ್ಣಾಗಲಿ ಕೆರೆಯ ಗೋಡಾಗಲಿ ಈ ಕೆಲಸಕ್ಕೆ ಬಾರದು. ತೆಂಗಿನ ನಾರಿನ ಪುಡಿ 2 ಭಾಗ, ಪರ್ಲೈಟ್ ಅಥವಾ ಇಟ್ಟಿಗೆಯ ಸಣ್ಣ ಚೂರು 2 ಭಾಗ, ಚೆನ್ನಾಗಿ ಕೊಳೆತು ಜರಡಿ ಹಿಡಿದ ಎಲೆಗೊಬ್ಬರ 1 ಭಾಗ, ಕಡಲೆಕಾಳಿನ ಗಾತ್ರದ ಇದ್ದಲಿನ ಚೂರು 1 ಭಾಗ, ಇವನ್ನು ಕಲಸಿ ಉಪಯೋಗಿಸಬೇಕು. ನಾರಿನ ಪುಡಿಯಲ್ಲಿ ಉಪ್ಪಿನ ಅಂಶವಿರುವುದರಿಂದ ಅದನ್ನು ಮೊದಲು ಎರಡು ಮೂರು ಸಲ ಸಿಹಿನೀರಿನಲ್ಲಿ ತೊಳೆದು ಹಿಂಡತಕ್ಕದ್ದು. ಮಿಶ್ರಣವು ಸರಿಯಾಗಿದೆಯೇ ಎಂದು ನೋಡಲು ಒದ್ದೆಯಾದ ಒಂದು ಹಿಡಿಯನ್ನು ಅಮುಕಿ ಬಿಡಬೇಕು. ಒಂದೆರಡು ಹನಿ ಮಾತ್ರ ಇಳಿದು, ಉಂಡೆಯು ಬೆರಳು ಸೋಕಿದೊಡನೆ ಉದುರಿದರೆ ಅದು ತಕ್ಕುದು. ಉಂಡೆಯಾಗಿಯೇ ಉಳಿದರೆ ಇಟ್ಟಿಗೆ ಚೂರನ್ನು ಇನ್ನೂ ಸೇರಿಸಬೇಕು. ನೆಡುವಾಗ ಹರಿಯುವ ಕಾಂಡವನ್ನು ಹೂಳದೆ ಮೇಲ್ಮೈಗೆ ತಗುಲಿದಂತೆ ಇರಿಸಿ, ಬೇರುಗಳನ್ನು ಮಾತ್ರ ಮುಚ್ಚಬೇಕು.

ನೀರು ಮತ್ತು ಗೊಬ್ಬರ

ನೀರು ಹಾಕಲು ವಾರದ ದಿನವನ್ನು ಗೊತ್ತುಮಾಡಿಕೊಳ್ಳುವುದು ಸರಿಯಲ್ಲ. ಬೆರಳನ್ನು ಅರ್ಧ ಅಂಗುಲ ಇಳಿಸಿ ನೋಡಿ, ಮೇಲ್ಮಣ್ಣು ಒಣಗಿದ್ದರೆ ಮಾತ್ರ ಹಾಕಬೇಕು. ಹಾಕುವಾಗ ಕುಂಡದ ತೂತಿನಿಂದ ಹೊರಗೆ ಬರುವಷ್ಟು ಹಾಕಿ, ಪೂರ್ತಿಯಾಗಿ ಬಸಿದ ಮೇಲೆ ಅದರ ಸ್ಥಾನದಲ್ಲಿಡಬೇಕು. ಮುಚ್ಚಿದ ಪೆಟ್ಟಿಗೆಯಲ್ಲಿರುವ ಕುಂಡಗಳಿಗೆ ಎಷ್ಟೋ ವೇಳೆ ಹತ್ತು ಹದಿನೈದು ದಿನಗಳವರೆಗೆ ನೀರೇ ಬೇಕಾಗುವುದಿಲ್ಲ. ಎಲೆಗಳ ಮೇಲೆ, ವಿಶೇಷವಾಗಿ ರೋಮವುಳ್ಳ ಎಲೆಗಳ ಮೇಲೆ, ಸಂಜೆಯ ಹೊತ್ತು ನೀರು ಚಿಮುಕಿಸಕೂಡದು. ರಾತ್ರಿಯೆಲ್ಲ ನಿಂತ ಹನಿಯು ರೋಗಕ್ಕೆ ಬೀಜವಾಗುತ್ತದೆ.

ಮಳೆಯ ನೀರು ಎಲ್ಲಕ್ಕಿಂತ ಶ್ರೇಷ್ಠ. ಮೈದಾನಸೀಮೆಯ ಕೊಳವೆಬಾವಿಗಳ ನೀರು ಬಹಳ ಕಡೆ ಗಡಸಾಗಿದ್ದು, ಕುಂಡದ ಅಂಚಿನಲ್ಲಿ ಬಿಳಿಯ ಉಪ್ಪುಪೊರೆಯನ್ನು ಬಿಡುತ್ತದೆ. ಇಂತಹ ಪೊರೆ ಕಂಡಲ್ಲಿ ಮಣ್ಣನ್ನು ಬದಲಾಯಿಸಬೇಕು. ಮಳೆಗಾಲದಲ್ಲಿ ಮಾಳಿಗೆಯಿಂದ ಹಿಡಿದ ನೀರನ್ನು ಸೊಳ್ಳೆ ಹೋಗದಂತೆ ಮುಚ್ಚಿದ ಪಾತ್ರೆಯಲ್ಲಿ ಶೇಖರಿಸಿಟ್ಟರೆ, ಹತ್ತಾರು ಕುಂಡಗಳಿಗೆ ಬೇಸಗೆಯವರೆಗೂ ಸಾಕಾಗುತ್ತದೆ.

ಗೊಬ್ಬರದ ವಿಷಯದಲ್ಲಿ ಕೈ ಬಿಗಿಯಾಗಿರಬೇಕು. ತೋಟದ ಬೆಳೆಗಳಿಗೆ ಉಪಯೋಗಿಸುವ 19:19:19 ನೀರಿನಲ್ಲಿ ಕರಗುವ ಗೊಬ್ಬರವನ್ನು ಒಂದು ಲೀಟರು ನೀರಿಗೆ ಅರ್ಧ ಗ್ರಾಮಿನಂತೆ ಕರಗಿಸಿ, ಬೆಳವಣಿಗೆಯ ಕಾಲದಲ್ಲಿ ಮೂರು ವಾರಕ್ಕೊಮ್ಮೆ ಕೊಟ್ಟರೆ ಸಾಕು. ಪೆಟ್ಟಿಗೆಯೊಳಗಿನ ಸಸಿಗಳಿಗೆ ಇದರಲ್ಲಿ ಅರ್ಧದಷ್ಟು ಸಾಕು. ಹಸಿಗೊಬ್ಬರ, ಹಿಂಡಿ, ಗಂಜಲ ಇವನ್ನು ಹಾಕಕೂಡದು.

ಹೊಸ ಗಿಡವು ಬಂದಾಗ

ಅಂಚೆಯಲ್ಲಿ ಬಂದ ಗಿಡವನ್ನು ಕೂಡಲೆ ಬೇರೆ ಗಿಡಗಳೊಡನೆ ಸೇರಿಸಬಾರದು. ಎಲೆಗಳ ಅಡಿಯನ್ನೂ ಗಿಣ್ಣುಗಳನ್ನೂ ಪರೀಕ್ಷಿಸಿ, ಪಾರದರ್ಶಕವಾದ ಪ್ಲಾಸ್ಟಿಕ್ ಡಬ್ಬದಲ್ಲಿ ಒಂಟಿಯಾಗಿ ಮೂರು ವಾರ ಇಡಬೇಕು. ಮೊದಲ ವಾರದಲ್ಲಿ ಒಂದೆರಡು ಎಲೆ ಉದುರಿದರೆ ಗಾಬರಿಪಟ್ಟು ನೀರು ಹಾಕಬೇಕಾದುದಿಲ್ಲ. ಕಾಂಡವು ಗಟ್ಟಿಯಾಗಿರುವವರೆಗೆ ಗಿಡವು ಬದುಕಿರುತ್ತದೆ. ಹೊಸ ಚಿಗುರು ಕಂಡ ಮೇಲೆ ಮುಚ್ಚಳವನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ಸರಿಸಿ, ಗಿಡವನ್ನು ಮನೆಯ ಗಾಳಿಗೆ ಪಳಗಿಸಬೇಕು.

ಒಂದು ಎಲೆಯಿಂದ ಅನೇಕ ಗಿಡಗಳು

ಬೆಗೋನಿಯಾದ ದೊಡ್ಡ ಗುಣವೆಂದರೆ, ಹರಿಯುವ ಕಾಂಡದ ಜಾತಿಗಳಲ್ಲಿ ಒಂದೇ ಎಲೆಯಿಂದ ಅನೇಕ ಗಿಡಗಳನ್ನು ಪಡೆಯಬಹುದು. ಬೆಲೆಬಾಳುವ ಗಿಡವನ್ನು ತಂದವರು ಅದು ಬೇರೂರಿದ ಕೂಡಲೆ ಮೊದಲು ಮಾಡತಕ್ಕ ಕೆಲಸವೇ ಇದು. ತಾಯಿಗಿಡವು ಸತ್ತರೂ ಜಾತಿಯು ಮನೆಯಲ್ಲಿ ಉಳಿಯುತ್ತದೆ.

ಬಲಿತ, ಆದರೆ ಮುದಿಯಾಗದ ಎಲೆಯನ್ನು ಆರಿಸಿ, ಒಂದು ಅಂಗುಲ ತೊಟ್ಟನ್ನು ಉಳಿಸಿ, ಸ್ಪಿರಿಟ್ಟಿನಿಂದ ಒರಸಿದ ಹರಿತವಾದ ಅಲಗಿನಿಂದ ಕತ್ತರಿಸಬೇಕು. ಹಿಂಡಿ ಒದ್ದೆಮಾಡಿದ ಸ್ಫ್ಯಾಗ್ನಮ್ ಪಾಚಿಯಲ್ಲಿ ಅಥವಾ ಸಮಭಾಗ ನಾರಿನ ಪುಡಿ ಮತ್ತು ಪರ್ಲೈಟ್ ಮಿಶ್ರಣದಲ್ಲಿ ತೊಟ್ಟನ್ನು ಓರೆಯಾಗಿ ನೆಟ್ಟು, ಡಬ್ಬವನ್ನು ಮುಚ್ಚಿ, ನೆರಳಿನ ಬೆಳಕಿನಲ್ಲಿ ಇಡಬೇಕು. ಹೆಚ್ಚು ಸಸಿ ಬೇಕಾದವರು ದೊಡ್ಡ ಎಲೆಯನ್ನು ಹೋಳುಗಳಾಗಿ ಕತ್ತರಿಸಬಹುದು. ಪ್ರತಿಯೊಂದು ಹೋಳಿನಲ್ಲಿಯೂ ತೊಟ್ಟಿನ ಬುಡದಿಂದ ಹೊರಟ ಒಂದು ದಪ್ಪ ನರ ಇರಲೇಬೇಕು, ಮತ್ತು ಆ ನರದ ಬುಡವೇ ಮಣ್ಣಿನೊಳಗೆ ಹೋಗಬೇಕು. ಸುಮಾರು ಒಂದು ತಿಂಗಳಿಗೆ ಬೇರೂ, ಎರಡು ಮೂರು ತಿಂಗಳಿಗೆ ಸಣ್ಣ ಸಸಿಗಳೂ ಕಾಣಿಸುತ್ತವೆ. ಮೂರು ನಾಲ್ಕು ಎಲೆ ಬಿಟ್ಟ ಮೇಲೆ ಅವನ್ನು ಬೇರ್ಪಡಿಸಿ ನೆಡಬಹುದು. ನೆಟ್ಟನೆಯ ಕಾಂಡದ ಜಾತಿಗಳ ಎಲೆಯು ಬೇರು ಬಿಟ್ಟರೂ ಸಾಧಾರಣವಾಗಿ ಚಿಗುರುವುದಿಲ್ಲ. ಅವುಗಳಲ್ಲಿ ಗಿಣ್ಣಿರುವ ಕಡ್ಡಿಯನ್ನೇ ನೆಡಬೇಕು.

ಬೀಜದಿಂದಲೂ ವೃದ್ಧಿಮಾಡಬಹುದು. ಗಂಡು ಹೂವಿನ ಪರಾಗವನ್ನು ಅದೇ ಜಾತಿಯ ಹೆಣ್ಣು ಹೂವಿಗೆ ಮುಟ್ಟಿಸಿ, ಕಾಯಿ ಒಣಗಿದ ಮೇಲೆ ಬಿಡಿಸಿದರೆ ನಸ್ಯದ ಪುಡಿಯಂತಹ ಬೀಜಗಳು ದೊರೆಯುತ್ತವೆ. ಇವನ್ನು ಒದ್ದೆಯಾದ ಮಿಶ್ರಣದ ಮೇಲೆ ಉದುರಿಸಬೇಕು. ಮೊಳೆಯಲು ಬೆಳಕು ಬೇಕಾದುದರಿಂದ ಮಣ್ಣು ಮುಚ್ಚಕೂಡದು. ಎರಡರಿಂದ ನಾಲ್ಕು ವಾರಗಳಲ್ಲಿ ಮೊಳೆಯುತ್ತವೆ. ಪ್ರತಿಯೊಂದು ಕುಂಡಕ್ಕೂ ಜಾತಿಯ ಹೆಸರು, ಎಲ್ಲಿಂದ ಬಂದುದು, ಯಾವ ದಿನ ನೆಟ್ಟುದು ಎಂಬ ಚೀಟಿಯನ್ನು ತಪ್ಪದೆ ಸಿಕ್ಕಿಸಬೇಕು. ಹೆಸರು ಕಳೆದುಕೊಂಡ ಅಪರೂಪದ ಗಿಡವು ಮುಂದಿನವರ ಪಾಲಿಗೆ ಬರಿಯ ಎಲೆಗಿಡವಾಗುತ್ತದೆ.

ರೋಗ ಮತ್ತು ಕೀಟಗಳು

ಬುಡ ಕೊಳೆಯುವ ರೋಗವು ಎಲ್ಲಕ್ಕಿಂತ ಭಯಂಕರ. ಅಡಿಕೆಯ ಕೊಳೆರೋಗವನ್ನುಂಟುಮಾಡುವ ಸೂಕ್ಷ್ಮಜೀವಿಯ ಹತ್ತಿರದ ಸಂಬಂಧಿಯಾದ ಪಿಥಿಯಮ್ ಎಂಬುದು ಇದಕ್ಕೆ ಮುಖ್ಯ ಕಾರಣಗಳಲ್ಲೊಂದು. ಕಾಂಡವು ಮೆತ್ತಗಾಗಿ ಕಪ್ಪಾದುದನ್ನು ಕಂಡೊಡನೆ ಗಟ್ಟಿಯಾಗಿರುವ ತುದಿಯನ್ನೂ ಒಳ್ಳೆಯ ಎಲೆಗಳನ್ನೂ ಕತ್ತರಿಸಿ ಹೊಸ ಪಾಚಿಯಲ್ಲಿ ನೆಟ್ಟು, ಉಳಿದುದನ್ನು ಮಣ್ಣುಸಹಿತ ದೂರ ಎಸೆಯಬೇಕು. ಔಷಧಕ್ಕಿಂತ ಈ ಶಸ್ತ್ರಚಿಕಿತ್ಸೆಯೇ ಮೇಲು.

ಎಲೆಯ ಮೇಲೆ ಹಿಟ್ಟೆರಚಿದಂತೆ ಕಾಣುವ ಬೂದಿರೋಗವು ಗಾಳಿಯಾಡದ ಕಡೆ ಬರುತ್ತದೆ. ರೋಗದ ಎಲೆಗಳನ್ನು ತೆಗೆದು ಗಾಳಿಯಾಡಿಸಬೇಕು. ಹೆಚ್ಚಾಗಿದ್ದಲ್ಲಿ ನೀರಿನಲ್ಲಿ ಕರಡುವ ಗಂಧಕವನ್ನು ಲೀಟರಿಗೆ 2 ಗ್ರಾಮಿನಂತೆ, ಗಿಡವನ್ನು ಮನೆಯ ಹೊರಗೆ ನೆರಳಿಗೆ ಒಯ್ದು ಸಿಂಪಡಿಸಬಹುದು. ಸೆಕೆಯ ದಿನಗಳಲ್ಲಿ ಗಂಧಕವು ಎಲೆಯನ್ನು ಸುಡುವುದರಿಂದ ಮೊದಲು ಒಂದು ಎಲೆಯ ಮೇಲೆ ಪರೀಕ್ಷಿಸತಕ್ಕದ್ದು. ಎಣ್ಣೆ ಸವರಿದಂತಹ ಒದ್ದೆ ಚುಕ್ಕೆಗಳೂ ಸುತ್ತ ಹಳದಿ ಅಂಚೂ ಕಂಡರೆ ಅದು ಬ್ಯಾಕ್ಟೀರಿಯಾ ರೋಗ. ನರಗಳ ನಡುವೆ ಮಾತ್ರ ಕಂದು ಪಟ್ಟೆಗಳಿದ್ದರೆ ಎಲೆಯ ಜಂತುಹುಳುವಿನ ಬಾಧೆಯಿರಬಹುದು. ಈ ಎರಡರಲ್ಲಿಯೂ ಗಿಡವನ್ನು ಸುಟ್ಟುಬಿಡುವುದೇ ಉಳಿದ ಗಿಡಗಳಿಗೆ ಕ್ಷೇಮ. ಹಿಟ್ಟು ತಿಗಣೆಗಳನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರಸಿ ತೆಗೆಯಬಹುದು.

ಮಲಗುವ ಕಾಲ

ಗೆಡ್ಡೆಯ ಜಾತಿಗಳು ಮಳೆಗಾಲ ಕಳೆದ ಮೇಲೆ ಹಳದಿಯಾಗಿ ಎಲೆಯುದುರಿಸುತ್ತವೆ. ಇದು ಸಾವಲ್ಲ, ನಿದ್ರೆ. ಇದನ್ನರಿಯದೆ ಕುಂಡವನ್ನು ಎಸೆದವರೂ, ನೀರು ಹೊಯ್ದು ಗೆಡ್ಡೆಯನ್ನು ಕೊಳೆಯಿಸಿದವರೂ ಬಹುಮಂದಿ. ಎಲೆ ಬಿದ್ದ ಮೇಲೆ ನೀರನ್ನು ನಿಲ್ಲಿಸಿ, ಕುಂಡವನ್ನು ತಂಪಾದ ಮೂಲೆಯಲ್ಲಿಟ್ಟು, ಮುಂದಿನ ಮುಂಗಾರಿನಲ್ಲಿ ಮೊಳಕೆ ಕಂಡಾಗ ಮತ್ತೆ ನೀರು ಕೊಡಬೇಕು.

ಮೂಲನೆಲೆಯ ರಕ್ಷಣೆ

ಬೋರ್ನಿಯೋ, ಮಲಯ ಮತ್ತು ದಕ್ಷಿಣ ಚೀನದ ಸುಣ್ಣಕಲ್ಲಿನ ಬೆಗೋನಿಯಾಗಳಲ್ಲಿ ಅನೇಕ ಜಾತಿಗಳು ಲೋಕದಲ್ಲೆಲ್ಲ ಒಂದೇ ಗುಡ್ಡದಲ್ಲಿಯೋ ಒಂದೆರಡು ಗವಿಗಳ ಬಾಯಲ್ಲಿಯೋ ಮಾತ್ರ ಇವೆ. ಸಿಮೆಂಟಿಗಾಗಿ ಗುಡ್ಡವನ್ನು ಒಡೆದರೆ, ಅಥವಾ ಮಾರುವುದಕ್ಕಾಗಿ ಗಿಡಗಳನ್ನು ಕಿತ್ತರೆ, ಜಾತಿಯೇ ಅಳಿಯುತ್ತದೆ. ಆದುದರಿಂದ ಗಿಡವನ್ನು ಕೊಳ್ಳುವವರು ಅದು ಎಲೆಯಿಂದಲೋ ಬೀಜದಿಂದಲೋ ಬೆಳೆಸಿದುದೇ ಎಂದು ಮೊದಲು ವಿಚಾರಿಸಬೇಕು. ಮುರಿದ ಬೇರು, ಹರಿದ ಮುದಿ ಎಲೆಗಳು, ಕಾಂಡಕ್ಕೆ ಅಂಟಿದ ಕಾಡುಪಾಚಿ ಇವು ಕಿತ್ತು ತಂದ ಗಿಡದ ಗುರುತುಗಳು. ಹೊರದೇಶದಿಂದ ಸಸಿಯನ್ನಾಗಲಿ ಎಲೆಯನ್ನಾಗಲಿ ತರಿಸುವುದಕ್ಕೆ 2003ರ ಸಸ್ಯ ಸಂಪರ್ಕನಿಷೇಧ ಆಜ್ಞೆಯಂತೆ ಆಮದು ಪರವಾನಗಿಯೂ ಕಳುಹಿಸುವ ದೇಶದ ಸಸ್ಯಾರೋಗ್ಯ ಪತ್ರವೂ ಅವಶ್ಯಕ. ಇವಿಲ್ಲದೆ ಬಂದ ಗಿಡದೊಡನೆ ಹೊಸ ರೋಗವೂ ಬರಬಹುದು, ಮತ್ತು ಅದು ಮನೆಯ ಕುಂಡದಲ್ಲಿಯೇ ನಿಲ್ಲದೆ ತೋಟಕ್ಕೂ ಇಳಿಯಬಹುದು.

ಗ್ರಾಮದ ಮುಖಂಡರೂ ಜಮೀನುದಾರರೂ ಮನಸ್ಸಿಗೆ ತಂದುಕೊಳ್ಳಬೇಕಾದ ಮತ್ತೊಂದು ಸಂಗತಿಯುಂಟು. ಪಶ್ಚಿಮ ಘಟ್ಟದಲ್ಲಿಯೂ ಬೆಗೋನಿಯಾಗಳಿವೆ. ಹಳ್ಳಗಳ ಮಗ್ಗುಲಲ್ಲಿ ನಸುಗೆಂಪು ಹೂ ಬಿಡುವ ಬೆಗೋನಿಯಾ ಮಲಬಾರಿಕ, ಮಳೆ ಬಿದ್ದೊಡನೆ ಬಂಡೆಯ ಬಿರುಕಿನಲ್ಲಿ ಗೆಡ್ಡೆಯಿಂದ ಚಿಗುರುವ ಬೆಗೋನಿಯಾ ಕ್ರೆನಾಟ ಮೊದಲಾದುವನ್ನು ಮಲೆನಾಡಿನವರು ಹೆಸರು ತಿಳಿಯದೆಯೇ ನೋಡಿರುತ್ತಾರೆ. ತೋಟದ ಮೇಲಿನ ಬಂಡೆಯನ್ನು ಕಲ್ಲಿಗಾಗಿ ಒಡೆಯುವಾಗ, ಹಳ್ಳದ ದಡವನ್ನು ಕೆತ್ತಿ ಕಟ್ಟೆ ಕಟ್ಟುವಾಗ ಇವು ಮೊದಲು ಹೋಗುತ್ತವೆ. ಕಾಯ್ದಿಟ್ಟ ಅರಣ್ಯದಿಂದ ಅನುಮತಿಯಿಲ್ಲದೆ ಗಿಡ ಕೀಳುವುದು 1963ರ ಕರ್ನಾಟಕ ಅರಣ್ಯ ಕಾಯಿದೆಯಂತೆ ಅಪರಾಧ. ಖಾಸಗಿ ಜಮೀನಿನಲ್ಲಿರುವುದನ್ನು ಕಾಯುವ ಭಾರ ಜಮೀನಿನವರದೇ. 2002ರ ಜೀವವೈವಿಧ್ಯ ಕಾಯಿದೆಯಂತೆ ಗ್ರಾಮ ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಿ, ಊರಿನ ಗಿಡಮರಗಳ ದಾಖಲೆಯನ್ನಿಡಬೇಕು. ಆ ದಾಖಲೆಯಲ್ಲಿ ಹೊನ್ನೆ, ಮತ್ತಿ, ಬೀಟೆಗಳ ಸಾಲಿನ ಕೆಳಗೆ ಹಳ್ಳದ ಬಂಡೆಯ ಈ ಸಣ್ಣ ಗಿಡಕ್ಕೂ ಒಂದು ಗೆರೆ ದೊರೆಯಲಿ.

ಮನೆಯಲ್ಲಿ ಬೆಳೆಸುವ ಆಸೆಯುಳ್ಳವರಿಗೆ ಗಿಡವನ್ನು ಕೀಳುವ ಅಗತ್ಯವೇ ಇಲ್ಲ. ಬೆಳೆಸುವವರಿಂದ ಪಡೆದ ಒಂದು ಎಲೆ, ಒಂದು ಚಿಕ್ಕ ಕಡ್ಡಿ, ಅಥವಾ ಒಂದು ಚಿಟಿಕೆ ಬೀಜ ಸಾಕು. ಹೀಗೆ ಬೆಳೆದುದರಲ್ಲಿ ಎರಡು ಸಸಿಗಳನ್ನು ನೆರೆಯವರಿಗೂ ಒಂದನ್ನು ಊರ ಶಾಲೆಗೂ ಕೊಟ್ಟರೆ, ಒಂದು ಮನೆಯಲ್ಲಿ ಗಿಡವು ಸತ್ತಾಗ ಇನ್ನೊಂದು ಮನೆಯಿಂದ ಅದು ಮರಳಿ ಬರುತ್ತದೆ. ಬಿತ್ತನೆ ಬೀಜವನ್ನು ಊರಿನಲ್ಲಿ ಹಂಚಿಕೊಂಡು ಕಾಪಾಡಿದ ರೈತರಿಗೆ ಈ ಕ್ರಮವು ಹೊಸತೇನೂ ಅಲ್ಲ.